ಕರಪತ್ರದ ಮೇಲೆ ಮಲಗಿದ ಬಾಣಂತಿ

ಬಾಣಂತಿಯನ್ನು ಮನೆಯಿಂದ ಹೊರಗೆ ಹಾಕಿದವನು ನಾನು. ಅದೂ ನನ್ನದಲ್ಲದ ಮನೆಯಿಂದ.

ಎಪ್ಪತ್ತರ ದಶಕದ ಕೊನೆಗೆ ಕಾರ್ಮಿಕ ಸಂಘದ ಕರಪತ್ರ ಹಂಚಲು ಇಳಕಲ್ಲಿಗೆ ಹೋದವನು ನೇಕಾರ್ತಿ ಗಂಗವ್ವನ ಮನೆಯಲ್ಲಿ ಇಳಿದಿದ್ದೆ. ಇಲಿಗಳು ರೇಷ್ಮೆ ಕಡಿಯುತ್ತವೆಂದು ಆಕೆ ಐದಾರು ಬೆಕ್ಕು ಸಾಕಿದ್ದಳು. ಹೆರುವ ಬೆಕ್ಕಿಗೆ ಮಗ್ಗದ ಹಿಂದೆ ಬುಟ್ಟಿ ಇಟ್ಟು, ಹಳೆ ಸೀರೆಯ ಮರೆ ಕಟ್ಟುತ್ತಿದ್ದಳು. ಒಂದು ಬೆಕ್ಕು ಮಾತ್ರ ಬುಟ್ಟಿ ಬಿಟ್ಟು ನನ್ನ ಕರಪತ್ರಗಳ ಮೇಲೆ ನಾಲ್ಕು ಮರಿ ಹಾಕಿತು. ಬೆಳಿಗ್ಗೆ ಅದನ್ನು ಕಂಡು ಸಿಟ್ಟಿಗೆದ್ದೆ. ತಾಯಿಯನ್ನು ಓಡಿಸಿ, ಮರಿಗಳನ್ನು ಅಂಗಳದ ಚಳಿಗೆ ಸುರಿದೆ.

ಮೂರು ಮರಿಗಳನ್ನು ತಾಯಿ ಒಂದೊಂದಾಗಿ ಕಚ್ಚಿಕೊಂಡು ಒಳಗೆ ತಂದಿತು. ನಾಲ್ಕನೆಯದು ಅಲುಗಲಿಲ್ಲ.

ಗಂಗವ್ವ ರಕ್ತ ಮೆತ್ತಿದ ಒಂದು ಕರಪತ್ರ ಎತ್ತಿ ನನ್ನ ಮುಂದೆ ಹಿಡಿದಳು. "ನನಗ ಓದಾಕ ಬರೂದಿಲ್ರಿ ಅಣ್ಣಾರ. ಇದರಾಗ ಏನ ಬರದೀರಿ, ಓದ್ರಿ."

"ಬಾಣಂತಿಯರನ್ನು ಕೆಲಸದಿಂದ ಹೊರಹಾಕಬೇಡಿ," ಎಂದು ಓದಿದೆ.

"ಭಾಳ ಚಲೋ ಬರದೀರಿ ಬಿಡ್ರಿ. ಅದರ ಮ್ಯಾಲ ಮಲಗಿದಾಕಿ ಖರೆ ಅಂತ ನಂಬ್ಯಾಳ, ಪಾಪ."

ಸಂಜೆ ಸಂಘದ ಸಭೆಯಲ್ಲಿ ಭಾಷಣಕ್ಕೆ ನಿಂತಾಗ ಆ ಸಾಲನ್ನು ಬಿಟ್ಟು ಓದಿದೆ.

ನಿಮ್ಮ ಮನೆಯಲ್ಲಿ ಬೆಕ್ಕು ಎಲ್ಲಿ ಹೆತ್ತರೂ ಆ ಜಾಗ ಬಿಟ್ಟುಕೊಡಿ. ನಿಮ್ಮ ಕಾಗದ ಕಾಯಲಿ.