ಮೀನೆಣ್ಣೆ ಕುಡಿದ ಮೀಟರು

ಹೊನ್ನಾವರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹರಿಹರನ ಅಂಗಡಿ ಇದೆ. ಶಾಲೆಯ ಗಡಿಯಾರ ನಿಂತಾಗಲೆಲ್ಲ "ನಾ ನೋಡ್ಲಾ ಸರ್?" ಎಂದು ಕೇಳುತ್ತಿದ್ದ ನನ್ನ ವಿದ್ಯಾರ್ಥಿ ಅವನು. ಅವನ ಕೈಗೆ ಕೊಟ್ಟರೆ ಗಡಿಯಾರ ಎರಡು ದಿನ ಓಡಿ ಮತ್ತೆ ನಿಲ್ಲುತ್ತಿತ್ತು, ಅವನು ಮತ್ತೆ ಬಿಚ್ಚುತ್ತಿದ್ದ. ಸೋಲೊಪ್ಪುವ ಸ್ವಭಾವ ಆಗಲೂ ಇರಲಿಲ್ಲ, ಈಗ ಐವತ್ತರ ವಯಸ್ಸಿನಲ್ಲೂ ಇಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತದೆ.

ಮೊದಲು ಟೆಂಪೋ, ಸ್ಕೂಟರುಗಳ ಸ್ಪೀಡೋಮೀಟರ್ ರಿಪೇರಿ ಮಾಡುತ್ತಿದ್ದ. ಆ ಕೆಲಸ ಇಳಿಯಿತು. ಅಷ್ಟರಲ್ಲಿ ಶರಾವತಿಯಲ್ಲಿ ಪ್ರವಾಸಿಗರ ಬೋಟುಗಳು ಹೆಚ್ಚಿದವು; ಹರಿಹರ ಅವುಗಳ ಮೀಟರುಗಳಿಗೆ ಕೈಹಾಕಿದ. "ನಾ ಮುಟ್ಟಿದ ಮೀಟರು ಎರಡನೇ ಸಲ ನನ್ನ ಅಂಗಡಿ ಮೆಟ್ಟಿಲು ಹತ್ತೂದಿಲ್ಲ" ಎಂದು ಬೋಟುಗಳು ನಿಲ್ಲುವ ಧಕ್ಕೆಯಲ್ಲೆಲ್ಲ ಹೇಳಿಕೊಂಡಿದ್ದ.

ಆ ಮಾತನ್ನು ಸುಳ್ಳು ಮಾಡಿದ್ದು ಸೋಮನ ಬೋಟು. ಸೋಮ ಮಾವಿನಕುರ್ವೆಯ ಮೀನುಗಾರರ ಮನೆಯವನು. ಫೈಬರ್ ಬೋಟು ಕೊಂಡು ಪ್ರವಾಸಿಗರಿಗೆ ಉಪ್ಪುನೀರಿನಲ್ಲೇ ಬೇರುಬಿಟ್ಟ ಕಾಂಡ್ಲಾ ಕಾಡು ತೋರಿಸುತ್ತಾನೆ. ಆ ಕಾಡಿನ ನಡುವಿನ ಕಿರಿದಾದ ನೀರಿನಲ್ಲಿ ಹೆಂಗಸರು ಪುಟ್ಟ ದೋಣಿಗಳಲ್ಲಿ ಬಳಚಿನ ಚಿಪ್ಪು ಹೆಕ್ಕುತ್ತಿರುತ್ತಾರೆ. ಅಲ್ಲಿ ಬೋಟು ನಿಧಾನವಾಗಿ ಹೋಗಬೇಕು. ಆದರೆ ಸೋಮನ ಮೀಟರಿನ ಮುಳ್ಳು ಐದರ ಹತ್ತಿರ ತೂಕಡಿಸುತ್ತಿದ್ದಾಗ ಬೋಟು ಅದರ ಎರಡರಷ್ಟು ವೇಗದಲ್ಲಿ ಓಡುತ್ತಿತ್ತು. ಒಂದು ದಿನ ಅದರ ಅಲೆಗೆ ಒಬ್ಬ ಅಜ್ಜಿಯ ದೋಣಿ ಅರ್ಧ ತುಂಬಿತು.

"ಕಣ್ಣು ಮಾರಿ ಮೀಟರು ತಕಂಡ್ಯನಾ?" ಎಂದು ಅವಳು ಪ್ರವಾಸಿಗರ ಎದುರೇ ಸೋಮನಿಗೆ ಬೈದಳಂತೆ.

ಬೋಟಿನ ಮೀಟರಿಗೆ ಚಕ್ರದ ಲೆಕ್ಕವಿಲ್ಲ. ಹಿಂಭಾಗದಲ್ಲಿ ನೀರಿನೊಳಗೆ ಒಂದು ಚಿಕ್ಕ ಕೊಳವೆ ಇರುತ್ತದೆ. ಮುಂದಕ್ಕೆ ಮುಖಮಾಡಿದ ಅದರ ತೂತಿಗೆ ನೀರು ಒತ್ತುತ್ತದೆ. ಒತ್ತಡ ಹೆಚ್ಚಿದಂತೆ ಮುಳ್ಳು ಏರುತ್ತದೆ. ತೂತು ಕಟ್ಟಿದರೆ ಮುಳ್ಳು ಸುಳ್ಳು ಹೇಳುತ್ತದೆ. ಹರಿಹರ ತೂತಿನಿಂದ ಕಪ್ಪನೆಯ ಅಂಟು ತೆಗೆದ. ನದಿ ಹರಿಯುವ ಕಡೆಗೊಮ್ಮೆ, ಎದುರಿಗೊಮ್ಮೆ ಬೋಟು ಓಡಿಸಿ, ಫೋನಿನಲ್ಲಿ ವೇಗ ನೋಡಿ ಹೊಂದಿಸಿಕೊಟ್ಟ. ಮುಂದಿನ ತಿಂಗಳು ಮತ್ತೆ ಅದೇ ಅಂಟು. ಅದರ ಮುಂದಿನ ತಿಂಗಳೂ ಅದೇ. ಕೆಸರಲ್ಲ, ಪಾಚಿಯಲ್ಲ. ಮೂಸಿ ನೋಡಿದರೆ ಮೀನಿನ ವಾಸನೆ. ಹೊಳೆಯಲ್ಲಿ ಯಾವುದಕ್ಕೆ ಆ ವಾಸನೆಯಿಲ್ಲ?

ಕೊನೆಗೆ ಸೋಮ ಅಂಗಡಿಗೇ ಬಂದ. ನಾನು ಅಲ್ಲೇ ಕುಳಿತಿದ್ದೆ.

"ಹರಿಹರಣ್ಣ, ಬರೂ ಅಮಾಸೆಯ ಮರುದಿನ ಎಲ್ಲಾ ಬೋಟಿನವ್ರನ್ನೂ ಕೂರಿಸ್ಕಂಡು ಓಡಿಸ್ತೆ. ಅವತ್ತೂ ತಪ್ಪಿದ್ರೆ ಮಂಗಳೂರಿನ ರಿಪೇರಿಯವ್ರನ್ನ ಕರೆಸೂದೇಯ. ಉಳಿದವ್ರೂ ಅವ್ರಿಗೇ ಕೊಡ್ತ್ರಂತೆ."

ಹರಿಹರ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಎಸೆದ. ಧಕ್ಕೆಯ ಬೋಟುಗಳು ಕೈಬಿಟ್ಟರೆ ಅವನ ಅಂಗಡಿಗೆ ಬೇರೆ ಕೆಲಸವಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಮಾವಾಸ್ಯೆಯಂದು ಸೋಮ ಬೋಟನ್ನು ನೀರಿಗಿಳಿಸದೆ ಮನೆಯ ಮುಂದಿನ ಮರಳಿಗೆ ಎಳೆದಿಡುತ್ತಾನೆ. ಆ ದಿನವೇ ಹೋಗಿ ನೋಡೋಣವೆಂದು ಹರಿಹರ ಹೊರಟ. ನಾನೂ ಜೊತೆಗೆ ಹೋದೆ. ಅಲ್ಲಿ ಸೋಮನ ತಾಯಿ ಕಮಲಿ, ಸೀರೆ ಎತ್ತಿಕಟ್ಟಿ, ಬಟ್ಟೆಯ ಉಂಡೆಯಿಂದ ಬೋಟಿನ ತಳಕ್ಕೆ ಮೀನೆಣ್ಣೆ ಬಳಿಯುತ್ತಿದ್ದಳು. ಹಿಂದೆ ಮರದ ದೋಣಿಗೆ ಅವಳ ಅತ್ತೆ ಬಳಿಯುತ್ತಿದ್ದ ಹಾಗೆಯೇ, ಒಂದು ಮೂಲೆಯೂ ಬಿಡದೆ. ಆ ಚಿಕ್ಕ ಕೊಳವೆಗಂತೂ ಬೆರಳಿನಿಂದ ಒತ್ತಿ ಒತ್ತಿ ಸವರಿದಳು.

ಹರಿಹರ ತಲೆಯ ಮೇಲೆ ಕೈಯಿಟ್ಟುಕೊಂಡ. "ಅಮಾ! ಇದು ಎಂತ ಮಾಡ್ತೆ ನೀನು? ಇದು ಮರ ಅಲ್ಲ, ಫೈಬರು! ಇದ್ಕೆ ಎಣ್ಣೆ ಬ್ಯಾಡ!"

"ಎಣ್ಣೆ ಕುಡೀದೇ ಇದ್ದ ದೋಣಿ ನೀರಿಗೆ ಹೆದರ್ತದೆ ತಮಾ. ಮಗ ಇದ್ರಲ್ಲೇ ಹೋಗೂದಲಾ? ನಿಂಗೆ ಬ್ಯಾಡ ಅಂದ್ರೆ ನೀ ಹಚ್ಕಳಬೇಡ."

"ತೂತು ಕಟ್ತದೆ!"

"ತೂತು ಇಟ್ಟದ್ದು ಯಾರು? ದೋಣಿಗೆ ಯಾರಾದ್ರೂ ತೂತು ಇಡ್ತ್ರನಾ?"

ಅವನು ನನ್ನ ಕಡೆ ನೋಡಿದ. ಗಂಡನನ್ನು ಸಮುದ್ರಕ್ಕೆ ಕೊಟ್ಟವಳು ಅವಳು; ಎಣ್ಣೆ ನಿಲ್ಲಿಸು ಎನ್ನುವ ಬಾಯಿ ಯಾರಿಗಿದೆ? ಹರಿಹರ ಹಲ್ಲು ಕಚ್ಚಿ ತೂತನ್ನು ತೊಳೆದ. ಹತ್ತಿರ ಬಿದ್ದಿದ್ದ ಪೊರಕೆಯಿಂದ ಒಂದು ಕಡ್ಡಿ ಮುರಿದು ಅವಳಿಗೆ ಕೊಟ್ಟ.

"ಆತು, ಹಚ್ಚು. ಆದ್ರೆ ಮೊದ್ಲು ಈ ಕಡ್ಡಿ ತೂತಿಗೆ ಹಾಕು. ಎಣ್ಣೆ ಒಳಗೆ ಹೋಗಬಾರ್ದು."

"ಇಷ್ಟೇಯ? ಅದ್ಕೆ ಇಷ್ಟು ಕೂಗೂದಾ?" ಎಂದು ಅವಳು ಕಡ್ಡಿ ಇಸಿದುಕೊಂಡಳು.

ಮರುದಿನ ಬೋಟಿನಲ್ಲಿ ಧಕ್ಕೆಯವರೆಲ್ಲ ಕುಳಿತರು. ಸೋಮ ಎಂಜಿನ್ ಹಚ್ಚಿದ. ಬೋಟು ಓಡಿತು, ಮುಳ್ಳು ಸೊನ್ನೆಯಿಂದ ಕದಲಲಿಲ್ಲ. ಇನ್ನೂ ಜೋರಾಗಿ ಓಡಿತು, ಮುಳ್ಳು ಸೊನ್ನೆಯಲ್ಲೇ.

"ಮೊದ್ಲು ಅರ್ಧನಾದ್ರೂ ತೋರಿಸ್ತಿತ್ತಲಾ ಹರಿಹರಣ್ಣ!" ಎಂದು ಯಾರೋ ನಕ್ಕರು. ಸೋಮ ನಗಲಿಲ್ಲ, ಮಂಗಳೂರಿಗೆ ಕರೆ ಮಾಡಲು ಜೇಬಿನಿಂದ ಫೋನು ತೆಗೆದ.

ಹರಿಹರನ ಮುಖ ಕೆಂಡವಾಯಿತು. "ತಿರುಗಿಸು. ನಿನ್ನ ಮನೆ ಮುಂದೆ ನಿಲ್ಸು" ಎಂದ. ಮೊಣಕಾಲುದ್ದದ ನೀರಿಗೆ ಹಾರಿ, ಬೋಟಿನ ಹಿಂದೆ ಬಗ್ಗಿ, ಕೈಯಾಡಿಸಿದ. ತೂತಿನ ಅಂಚಿಗೆ ಸಮನಾಗಿ ಮುರಿದ ಕಡ್ಡಿ ಒಳಗೇ ಇತ್ತು. ಎಣ್ಣೆ ಬಳಿಯುವ ಬಟ್ಟೆಗೆ ತಾಗದಿರಲಿ ಎಂದು ಕಮಲಿ ಮುರಿದಿದ್ದಳಂತೆ.

"ಅಮಾ, ಕಡ್ಡಿ ತೆಗೀಲೇ ಇಲ್ಲ ನೀನು!"

ದಡದಲ್ಲಿ ನಿಂತಿದ್ದ ಕಮಲಿ ಹೇಳಿದಳು: "ಹಾಕು ಅಂದೆ, ಹಾಕ್ದೆ. ತೆಗಿ ಅಂದ್ಯನಾ?"

ಸೋಮನೇ ಮೊದಲು ನಕ್ಕ. ಫೋನು ಜೇಬಿಗೆ ಹೋಯಿತು. ಕಡ್ಡಿ ಕಿತ್ತ ಮೇಲೆ ಮುಳ್ಳು ಬೋಟಿನ ಜೊತೆಗೇ ಏರಿತು, ಇಳಿಯಿತು. ಮಂಗಳೂರಿನವರ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಈಗ ಪ್ರತಿ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಹರಿಹರ ಅಂಗಡಿ ತೆರೆಯುವ ಮೊದಲು ಮಾವಿನಕುರ್ವೆಗೆ ಹೋಗಿ, ಕಮಲಿಯನ್ನು ನಂಬದೆ ತಾನೇ ಕಡ್ಡಿ ಕೀಳುತ್ತಾನೆ. ಇದು ಮೀಟರ್ ರಿಪೇರಿಯೋ ಹರಕೆಯೋ ಎಂದು ದಾರಿಯುದ್ದಕ್ಕೂ ಗೊಣಗುತ್ತಾನೆ. ಹೋದ ತಿಂಗಳು ಅವನು ನೀರಿಗಿಳಿದು, ಕಡ್ಡಿ ಅಲುಗದೆ ಒದ್ದಾಡುತ್ತಿದ್ದಾಗ ಕಮಲಿ ಚಹಾ ತಂದಳು.

"ಈ ಸಲ ಎರಡು ಕಡ್ಡಿ ಹಾಕಿದ್ದೆ ತಮಾ. ಗಟ್ಟಿ ಇರ್ಲಿ ಅಂತ."