ಬ್ಯಾಳಿ ಬೇಯದವರ ಡಬ್ಬಿ

ಮೊದಲ ಬಸ್ಸು ಬರುವುದರೊಳಗೆ ಹುಕ್ಕೇರಿಯ ಗ್ರಂಥಾಲಯದ ಕದವನ್ನು ರಾಚಪ್ಪ ತೆಗೆದು, ಕಸ ಗುಡಿಸಿ, ಕಿಟಕಿಯ ಬೆಳಕಿಗೆ ಕೂತಿದ್ದಾರೆ. ಹೆಸರಿಗೆ ಗ್ರಂಥಾಲಯ, ಗ್ರಂಥ ಬಹಳ, ಆಲಯ ಒಂದೇ ಖೋಲಿ. ಎದುರಿಗೆ ಮೂರು ಕಟ್ಟಿಗೆಯ ಡಬ್ಬಿ, ಅವುಗಳ ತುಂಬ ರಟ್ಟಿನ ಚೀಟಿ. ಮೊದಲನೆಯದರಲ್ಲಿ ಪುಸ್ತಕದ ಹೆಸರು, ಎರಡನೆಯದರಲ್ಲಿ ಬರೆದವರ ಹೆಸರು, ಮೂರನೆಯದರಲ್ಲಿ ಜನ ಬಾಯಿಬಿಟ್ಟು ಕೇಳುವ ಮಾತು. ಪ್ರತಿ ಚೀಟಿಯ ಮೂಲೆಗೆ, ಪುಸ್ತಕ ಯಾವ ಸಾಲಿನಲ್ಲಿದೆ ಎಂಬ ಅಂಕಿ.

ಆ ಮೂರನೆಯ ಡಬ್ಬಿಯ ಹಣೆಬರಹ ಇವತ್ತು ತೀರ್ಮಾನವಾಗಬೇಕು. ಬಡಿಗ ಈ ಚೀಟಿಗಳಿಗೆ ಹೊಸ ಪೆಟ್ಟಿಗೆ ಮಾಡುತ್ತಿದ್ದಾನೆ; ಅದಕ್ಕೆ ಎರಡೇ ಖಾನೆ ಸಾಕೆಂಬುದು ಬೆಳಿಗ್ಗೆಯೇ ಬಂದು ಕೂತಿರುವ ಗ್ರಂಥಾಲಯ ಸಮಿತಿಯ ಅಧ್ಯಕ್ಷರ ವಿಚಾರ. ಸಭೆ ಇಲ್ಲದಿದ್ದರೂ ಸಭೆಗೆ ಹೇಳುವ ಧಾಟಿ ಅವರದು: "ಹ್ಞುಂ... ರಾಚಪ್ಪಾ, ಎರಡು ಡಬ್ಬಿ ಶಾಸ್ತ್ರ. ಮೂರನೇದು ನಿನ್ನ ಚಟ!"

ಗೋಕಾಕದ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದ ರಾಚಪ್ಪ, ಸಣ್ಣ ಅಕ್ಷರ ಮಂಜಾಗತೊಡಗಿದ ಮೇಲೆ ಇಲ್ಲಿಗೆ ಬಂದವರು. ದಿನಕ್ಕೆ ಮೂವತ್ತು ನಲವತ್ತು ಮಂದಿ ಬರುತ್ತಾರೆ, ಸಂತೆಯ ದಿನ ಕೂರಲು ಜಾಗವಿಲ್ಲ. "ಒಂದ್ ಮೊಳಿ ತಪ್ಪು ಖಾನ್ಯಾಗ ಬಿದ್ರ ಆ ಅಕ್ಷರ ಸತ್ತಂಗ್ರಿ. ಪುಸ್ತಕಾನೂ ಹಂಗ," ಎನ್ನುತ್ತಾರೆ.

ಹೋದ ವರ್ಷ ತುಕ್ಕಾನಟ್ಟಿಯ ಅಲ್ಲಪ್ಪ, ಕಬ್ಬು ಒಳಗೊಳಗೇ ಕೆಂಪಾಗಿ ಕೊಳೆಯುತ್ತಿದೆ, ಪುಸ್ತಕ ಐತೇನ್ರಿ ಎಂದು ಕೇಳಿದ್ದ. ರಾಚಪ್ಪ 'ಕ'ದಲ್ಲಿ ಹುಡುಕಿ ಇಲ್ಲವೆಂದರು. ಪುಸ್ತಕ ಕಪಾಟಿನಲ್ಲೇ ಇತ್ತು. ಹೆಸರು 'ಇಕ್ಷು ವ್ಯಾಧಿ', ಸಂಸ್ಕೃತದಲ್ಲಿ ಕಬ್ಬಿನ ರೋಗ. ಬರೆದವರಿಗೆ ಇಕ್ಷು, ಅಲ್ಲಪ್ಪನಿಗೆ ಇಕ್ಕಟ್ಟು. ಅವನು ಅದೇ ಕಬ್ಬನ್ನು ಬೀಜಕ್ಕೆ ಕಡಿದು ನೆಟ್ಟ. ರೋಗ ಹೊಸ ಹೊಲಕ್ಕೂ ಹೋಯಿತು.

"ಆ ಬೀಜ ಹಚ್ಚಬ್ಯಾಡ್ರಿ ಅಂತ ಅದರಾಗ ಬರದಿತ್ರಿ. ಕೈಯಾಗ ಇಟ್ಕೊಂಡು ಇಲ್ಲ ಅಂದ್ನಿ."

ಅಂದಿನಿಂದ ಯಾರು ಏನು ಕೇಳಿದರೂ, ಕೇಳಿದ ಮಾತನ್ನೇ ಮೂರನೆಯ ಡಬ್ಬಿಯ ಚೀಟಿಗೆ ಇಳಿಸುತ್ತಾರೆ.

ಬಸ್ಸು ಬರುತ್ತದೆ. ಸಂತೆಯ ಚೀಲ ಹೊತ್ತ ಮಮದಾಪುರದ ಗೌರಕ್ಕ ಒಳಗೆ ಬರುತ್ತಾರೆ. ರಾತ್ರಿ ಸಾಲೆಯಲ್ಲಿ ಅಕ್ಷರ ಕಲಿತವರು.

"ಏನ್ ಬೇಕ ಯವ್ವಾ?" ಅಧ್ಯಕ್ಷರು ಕೇಳುತ್ತಾರೆ.

"ತಡೀರಿ ಯಪ್ಪಾ, ನಾನ ನೋಡ್ತೇನಿ."

ಏಳಹೊರಟ ರಾಚಪ್ಪ ಹಾಗೇ ಕೂರುತ್ತಾರೆ. ಗೌರಕ್ಕನ ಬೆರಳು ಮೂರನೆಯ ಡಬ್ಬಿಯಲ್ಲಿ ಒಂದೊಂದೇ ಚೀಟಿ ಸರಿಸುತ್ತದೆ. 'ಬಾವಿ ನೀರಾಗ ಬ್ಯಾಳಿ ಬೇಯವಲ್ದು.' ತುಟಿಯಲ್ಲೇ ಓದಿ, ಅಂಕಿ ನೋಡಿ, ಕಪಾಟಿಗೆ ಹೋಗಿ ಪುಸ್ತಕ ಎಳೆಯುತ್ತಾರೆ.

ಅಧ್ಯಕ್ಷರು ಪುಸ್ತಕದ ಬೆನ್ನಿನ ಮೇಲಿನ ಹೆಸರು ಓದುತ್ತಾರೆ. "ಜಲಪರೀಕ್ಷೆ. ಇದು ಬೇಕಂತ ಹೆಂಗ ಗೊತ್ತಾತು?"

"ಪರೀಕ್ಷಾ ಯಾರಿಗ್ ಬೇಕ್ರಿ? ನಂಗ ಬ್ಯಾಳಿ ಬೇಯಬೇಕು!"

ಅಧ್ಯಕ್ಷರಿಗೆ ನಗು ತಡೆಯಲಾಗುವುದಿಲ್ಲ. "ರಾಚಪ್ಪಾ, ಬಡಿಗ್ಯಾಗ ಹೇಳು, ಮೂರು ಖಾನಿ."

"ಮೂರನೇದು ಎಲ್ಲಾಕಿಂತ ಕೆಳಗ ಇರ್ಲೇನ್ರಿ? ಕುಂತು ಹುಡುಕಾಕ ಬರ್ತೈತಿ."

"ಇರ್ಲಿ ತಗೋ."

ಗೌರಕ್ಕ ಪುಸ್ತಕವನ್ನು ಚೀಲದೊಳಗೆ ಇಳಿಸಿ ಸಂತೆಯತ್ತ ನಡೆಯುತ್ತಾರೆ. ರಾಚಪ್ಪ ಬಾಗಿಲವರೆಗೆ ಹೋಗಿ ನೋಡುತ್ತಾ ನಿಂತು, ಅಧ್ಯಕ್ಷರಿಗೆ ಮೆಲ್ಲಗೆ ಹೇಳುತ್ತಾರೆ:

"ನೋಡಿದ್ರಿಲ್ರಿ? ನನ್ನ ಒಂದ್ ಮಾತೂ ಕೇಳ್ದ ತಾನ ಹುಡುಕ್ಕೊಂಡ್ಲು."