ಎಕ್ಸ್‌ರೇ ಚಾಚಾ

ಚಾಚಾನ ಬಲಗೈಯ ಮೂರು ಬೆರಳು ಯಾವಾಗಲೂ ಕಂದು ಬಣ್ಣ. ಬೀಡಿ ಸೇದಿ ಆದದ್ದಲ್ಲ. ಎಕ್ಸ್‌ರೇ ಫಿಲ್ಮ್ ತೊಳೆಯುವ ದ್ರಾವಣ ಉಗುರಿನ ಸಂದಿಗೆ ಇಳಿದು ಕೂತಿತ್ತು.

ರಾಣೇಬೆನ್ನೂರಿನಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಅವರದು. ಒಳಗೆ ಉರ್ದು, ನಮ್ಮ ಕೂಡ ಕನ್ನಡ. ಮುಂದಿನ ಕೋಣೆಯಲ್ಲೇ ಎಕ್ಸ್‌ರೇ ಯಂತ್ರ. "ಉಸಿರು ಹಿಡೀರಿ... ಹಾಂ, ಬಿಡ್ರಿ" ಎಂಬ ಅವರ ಹುಕುಂ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಅವ್ವ ಮೆಣಸಿನಕಾಯಿ ಒಗ್ಗರಣೆ ಹಾಕಿದ ದಿನ ಅದು ನಮಗೂ ಉಪಯೋಗಕ್ಕೆ ಬರುತ್ತಿತ್ತು!

ಒಂದು ದಿನ ಗುತ್ತಲದ ಹೆಣ್ಣುಮಗಳೊಬ್ಬಳು ಎದೆಯ ಫಿಲ್ಮ್ ತೆಗೆಸಿ, ನಾಳೆ ಒಯ್ದರಾಯಿತೆಂದು ಬಸ್ ಸ್ಟ್ಯಾಂಡಿಗೆ ಹೋಗಿಬಿಟ್ಟಳು. ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದ ಚಾಚಾ ಅಂಚಿನಲ್ಲೊಂದು ಕೂದಲೆಳೆಯಂಥ ಗೆರೆ ಕಂಡರು.

"ಫಿಲ್ಮಿಗೆ ಗೀರು ಬಿದ್ದೈತಿ, ಚಾಚಾ" ಅಂದೆ, ಪಕ್ಕದಲ್ಲಿದ್ದ ನಾನು.

"ಇರಬಹುದು. ಗೀರು ಅಲ್ಲಂದ್ರ?"

ಬರಿಗಾಲಲ್ಲೇ ಸೈಕಲ್ ಹತ್ತಿ ಹೋದರು. ಬಸ್ಸಿನಿಂದ ಅವಳನ್ನು ಇಳಿಸಿ ನೇರ ಡಾಕ್ಟರ ಹತ್ತಿರ ಒಯ್ದರು. ಒಂದು ಶ್ವಾಸಕೋಶ ಕುಸಿದಿತ್ತಂತೆ. ಅವಳು ಬದುಕಿದಳು. ನಾಳೆ ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಕಂಡದ್ದನ್ನ ಆಗಿಂದಾಗ ಹೇಳಬೇಕು, ಮಗಳ. ನಾಳೆ ಹೇಳಿದ್ರ ಅದು ಬರೇ ಸುದ್ದಿ" ಅಂದರು.

ಈಗ ನಾನು ನೋಡುವುದೂ ಎಕ್ಸ್‌ರೇಯನ್ನೇ, ಆದರೆ ನಕ್ಷತ್ರಗಳದು. ಆ ಕಿರಣ ಗಾಳಿ ದಾಟಿ ನೆಲಕ್ಕೆ ಬರುವುದಿಲ್ಲವಾದ್ದರಿಂದ ನಮ್ಮ ದೂರದರ್ಶಕ ಅಂತರಿಕ್ಷದಲ್ಲಿದೆ. ಎಲ್ಲೋ ಒಂದು ನಕ್ಷತ್ರ ಸಾಯುವಾಗ ಒಂದೆರಡು ನಿಮಿಷ ಎಕ್ಸ್‌ರೇ ಮಿಂಚಿ ಆರುತ್ತದೆ. ಅದು ಖರೇ ಬೆಳಕೋ, ಯಂತ್ರದ ದೋಷವೋ ಎಂದು ಪಾಳಿಯಲ್ಲಿದ್ದವರು ಫೋನಿಗೆ ಬಂದ ಚಿತ್ರ ನೋಡಿ, ಉಳಿದ ದೂರದರ್ಶಕಗಳಿಗೆ ತಕ್ಷಣ ತಿಳಿಸಬೇಕು. ತಡವಾದರೆ ಅವು ಅತ್ತ ತಿರುಗುವಷ್ಟರಲ್ಲಿ ಅಳಿದುಳಿದ ಬೆಳಕೂ ಮಾಯ. ಇದನ್ನೆಲ್ಲ ಹೇಳಿದಾಗ ಚಾಚಾ, "ಅದಕ್ಕ ಉಸಿರು ಹಿಡಿ ಅನ್ನಾವ್ರು ಯಾರು?" ಎಂದು ನಕ್ಕಿದ್ದರು.

ಕಳೆದ ಮಳೆಗಾಲ ಅವರು ಹಾವೇರಿಯ ಆಸ್ಪತ್ರೆಯಲ್ಲಿದ್ದರು. ಪಾಳಿಯನ್ನು ಬೇರೆಯವರಿಗೆ ಒಪ್ಪಿಸದೆ ನೋಡಲು ಹೋದದ್ದು ನನ್ನದೇ ತಪ್ಪು. ಮಧ್ಯಾಹ್ನ ಚಾಚಿ ಔಷಧಿಗೆಂದು ಕೆಳಗಿಳಿಯುತ್ತ, "ಇವರೊಬ್ಬರನ್ನ ಬಿಟ್ಟು ಏಳಬ್ಯಾಡವಾ" ಅಂದರು. ಅವರು ಮೆಟ್ಟಿಲಿಳಿದಿರಲಿಲ್ಲ, ನನ್ನ ಫೋನ್ ಗುಂಯ್‌ಗುಟ್ಟಿತು. ಅಂತರಿಕ್ಷದಲ್ಲಿ ಏನೋ ಮಿಂಚಿತ್ತು. ವಾರ್ಡಿನೊಳಗೆ ನೆಟ್‌ವರ್ಕ್ ಸಾಲದೆ ಚಿತ್ರ ತೆರೆಯಲಿಲ್ಲ. ನಾನು ಫೋನನ್ನು ಮಗುಚಿ ಇಟ್ಟೆ.

ಚಾಚಾ ಕಣ್ಣು ಬಿಟ್ಟು ನೋಡುತ್ತಿದ್ದರು. "ಹೋಗು. ಅದು ನಿಂದ್ರೂದಿಲ್ಲ. ನಾ ಇಲ್ಲೇ ಇರ್ತೇನಿ."

ಹೋದೆ. ಪಡಸಾಲೆಯಲ್ಲಿ ನಿಂತು ಚಿತ್ರ ನೋಡಿದೆ. ದೋಷವಲ್ಲ, ಖರೇ ಬೆಳಕು. ನಾಲ್ಕು ಸಾಲು ಬರೆದು ಕಳಿಸಿದೆ. ಅದನ್ನು ಓದಿ ಎಲ್ಲೋ ಒಂದು ದೂರದರ್ಶಕ ತಿರುಗಿತು, ಆ ಬೆಳಕನ್ನು ಹಿಡಿಯಿತು. ಒಳಗೆ ಬಂದಾಗ ಚಾಚಾ ಇರಲಿಲ್ಲ. ಅವರ ಕೈ ಇನ್ನೂ ಬೆಚ್ಚಗಿತ್ತು. ಅದನ್ನು ಹಿಡಿದುಕೊಂಡು ಕೂತು ಅತ್ತೆ.

ಚಾಚಿ ಬಂದದ್ದು ಆಮೇಲೆ. ಅತ್ತು ದಣಿದ ಮೇಲೆ ನನ್ನ ಗಲ್ಲ ಹಿಡಿದು, "ನೀನರ ಬಾಜೂಕಿದ್ದಿ, ಅಷ್ಟ ಸಾಕು. ಕಡೀಗೆ ಏನರ ಅಂದ್ರೇನವಾ?" ಎಂದು ಕೇಳಿದರು.

"ನಾ ಇಲ್ಲೇ ಇರ್ತೇನಿ ಅಂದ್ರು" ಅಂದೆ.

ಹೊರಗಿದ್ದೆನೆಂದು ಚಾಚಿಗೆ ಇವತ್ತಿನವರೆಗೂ ಹೇಳಿಲ್ಲ.